ನೀಲಿ ಪಟ್ಟಿಯ ಬುಟ್ಟಿ

"ಮುಳುಗಿಸಬೇಡಿ! ಅಲ್ಲೇ ನಿಲ್ಲಿ!"

ನಿವೆಸ್ ಕೈಯಲ್ಲಿದ್ದ ಬ್ರಷ್ಷನ್ನು ಬಿಸಾಕಿ ಓಡಿಬಂದಳು. ಆ ಅಪರಿಚಿತನ ಮಣಿಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಅವನ ಕೈಯಲ್ಲಿ ಎಂಜಿನ್ನಿನ ಒಂದು ಸಣ್ಣ ಮುಚ್ಚಳ. ಅದರ ಕೆಳಗೆ, ಒಂದು ಗೇಣು ಅಂತರದಲ್ಲಿ, ಹಬೆಯಾಡುತ್ತಿದ್ದ ಕಾಸ್ಟಿಕ್ ಸೋಡಾ ತೊಟ್ಟಿ.

ಅವನು ಮೊದಲು ತನ್ನ ಕೈ ನೋಡಿದ. ಆಮೇಲೆ ಅದನ್ನು ಹಿಡಿದವಳ ಮುಖ ನೋಡಿದ. ಹಣೆಯ ಮೇಲೆ ಮಸಿ, ಕಣ್ಣಲ್ಲಿ ಬೆಂಕಿ...

"ಕೈ ಬಿಡ್ತೀರಾ?" ಅಂದ ಮೆಲ್ಲಗೆ.

"ಮೊದಲು ಮುಚ್ಚಳ ಕೆಳಗಿಡಿ. ಆಮೇಲೆ ಬಿಡ್ತೀನಿ."

"ಕೊಳೆ ಆಗಿತ್ತು. ತೊಟ್ಟಿ ಇತ್ತು. ನೆನೆಹಾಕೋಣ ಅಂತ..."

"ಅದು ಅಲ್ಯೂಮಿನಿಯಂ ಕಣ್ರೀ! ಸೋಡಾ ಅದನ್ನ ತಿಂದು ಹಾಕುತ್ತೆ. ಕಬ್ಬಿಣಕ್ಕೆ ಮಾತ್ರ ಈ ತೊಟ್ಟಿ. ಇಷ್ಟೂ ಗೊತ್ತಿಲ್ದೆ ಎಂಜಿನ್ ಹೊತ್ಕೊಂಡು ಬಂದ್ರಾ?"

ಕಾರು ಕಟ್ಟುವ ನಮ್ಮ ಮೊದೆನಾ ಸೀಮೆಯಲ್ಲಿ ಇದು ಗೊತ್ತಿಲ್ಲದವರು ಇರುವುದೇ ಅಪರೂಪ. ಎಂಜಿನ್ ಮುಟ್ಟುವ ಮನೆಗಳಲ್ಲಿ ಮಕ್ಕಳಿಗೆ ಒಲೆ ಸುಡುತ್ತದೆ ಎಂದು ಹೇಳುವುದಕ್ಕೂ ಮೊದಲು, ಅಲ್ಯೂಮಿನಿಯಂ ಸೋಡಾಕ್ಕೆ ಬೀಳಬಾರದು ಎಂದು ಹೇಳಿಕೊಡುತ್ತಾರೆ. ಬಿದ್ದರೆ ನೊರೆ ನೊರೆಯಾಗಿ ಕುದಿಯುತ್ತದೆ, ಕಪ್ಪಾಗುತ್ತದೆ. ಹಾಗೇ ಬಿಟ್ಟರೆ ಕರಗಿಯೇ ಹೋಗುತ್ತದೆ.

ಅವನು ಮುಚ್ಚಳ ಕೆಳಗಿಟ್ಟ. ಅವಳು ಕೈ ಬಿಟ್ಟಳು. ಬಿಟ್ಟ ಮೇಲೂ ಅವಳ ಅಂಗೈ ಬೆಚ್ಚಗೇ ಇತ್ತು.

'ಛೆ, ತೊಟ್ಟಿಯ ಹಬೆ ಇರಬೇಕು,' ಅಂದುಕೊಂಡಳು ನಿವೆಸ್. ಹಬೆಯ ಮೇಲೆ ತಪ್ಪು ಹೊರಿಸುವುದು ಸುಲಭ ನೋಡಿ.

ಒಳಗಿಂದ ಅವಳ ಅಪ್ಪ ಓರೆಸ್ತೆ ನಗುತ್ತಾ ಬಂದ. ಆ ವರ್ಕ್‌ಶಾಪಿನ ಯಜಮಾನ. "ಬಂದ ದಿನವೇ ನನ್ನ ಮಗಳ ಹತ್ರ ಬೈಸಿಕೊಂಡ್ಯಾ? ಸರಿ, ಇನ್ನು ನೀನು ಮನೆಯವನೇ ಬಿಡಪ್ಪ."

ಅವನ ಹೆಸರು ಲೆಯಾರ್ಕೊ. ಚೀಸ್ ಗೋದಾಮಿನಲ್ಲಿ ಕೆಲಸ. ಹಲಗೆಗಳ ಮೇಲೆ ಸಾಲಾಗಿ ಮಾಗುತ್ತಿರುವ ಗಾಲಿಯಂಥ ದೊಡ್ಡ ಚೀಸ್‌ಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವವನು. ಎಂಜಿನ್ ಅವನ ಅಪ್ಪನದು. ಆ ಮನುಷ್ಯ ಹಳೆಯ ಕೆಂಪು ಸ್ಪೈಡರ್ ಕಾರೊಂದನ್ನು ಪ್ರೀತಿಯಿಂದ ಬಿಚ್ಚಿಟ್ಟು, ಜೋಡಿಸದೆಯೇ ತೀರಿಕೊಂಡಿದ್ದ. ಎಂಜಿನ್ ವರ್ಷಗಟ್ಟಲೆ ಡಬ್ಬಿಗಳಲ್ಲೇ ಕೂತಿತ್ತು.

"ಅಮ್ಮನಿಗೆ ಸಾಕಾಗಿದೆ," ಅಂದ ಲೆಯಾರ್ಕೊ. "ಈಸ್ಟರ್ ಮಾರನೇ ದಿನ ಮನೆಮಂದಿ ಎಲ್ಲಾ ಸೇರ್ತೀವಲ್ಲ, ಅಷ್ಟರೊಳಗೆ ಎಂಜಿನ್ ಶುರುವಾದ್ರೆ ಕಾರು ಉಳಿಯುತ್ತೆ. ಇಲ್ಲಾಂದ್ರೆ ವ್ಯಾಪಾರಿ ಬಂದು ಬಿಡಿಭಾಗ ಅಂತ ಹೊತ್ಕೊಂಡು ಹೋಗ್ತಾನೆ."

"ಬೇರೆ ಹೆಡ್ ಎಲ್ಲೂ ಸಿಗಲ್ಲ ಇದಕ್ಕೆ," ಅಂದ ಓರೆಸ್ತೆ, ಡಬ್ಬಿಯೊಳಗೆ ಕೈಯಾಡಿಸುತ್ತಾ. "ಎಂಜಿನ್ನಿನ ತಲೆ ಇದು. ಇದು ಹೋದ್ರೆ ಕಾರೇ ಹೋದ ಹಾಗೆ. ಹುಷಾರು."

ಹುಷಾರು ಎಂದು ನಿವೆಸ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಹುಟ್ಟಾ ದಿಗಿಲಿನವಳು. ಬಾಗಿಲಿಗೆ ಬೀಗ ಹಾಕಿ, ಬೀದಿ ಕೊನೆಯಿಂದ ವಾಪಸ್ ಬಂದು ಎಳೆದು ನೋಡುವವಳು.

* * *

ಅವತ್ತಿನಿಂದ ಪ್ರತಿ ಶನಿವಾರ ಲೆಯಾರ್ಕೊ ಬಂದ. ನಿವೆಸ್ ಅವನಿಗೆ ಒಂದೊಂದಾಗಿ ಹೇಳಿಕೊಟ್ಟಳು.

ಮೊದಲು ಸೀಮೆಎಣ್ಣೆ, ಮೆತ್ತನೆಯ ಬ್ರಷ್ಷು. ಗಟ್ಟಿಯಾದ ಮಸಿಯನ್ನು ಮರದ ಚಕ್ಕೆಯಿಂದಲೇ ಕೆರೆಯಬೇಕು, ಉಕ್ಕು ತಗುಲಿಸಿದರೆ ಗೀರು ಬೀಳುತ್ತದೆ. ಆಮೇಲೆ ಬೆಚ್ಚನೆಯ ಸಾಬೂನು ನೀರು. ಕೊನೆಗೆ ನೀರಿನ ಜೊತೆ ಹಿಟ್ಟಿನಂಥ ಗಾಜಿನ ಪುಡಿ ಚಿಮ್ಮಿಸುವ ಪೆಟ್ಟಿಗೆ. ಅದರಿಂದ ಹೊರಬಂದಾಗ ಅಲ್ಯೂಮಿನಿಯಂ ಬೂದಿ ಹಾಕಿ ಉಜ್ಜಿದ ಬೆಳ್ಳಿಯ ಹಾಗೆ ಮೃದುವಾಗಿ ಹೊಳೆಯುತ್ತದೆ.

"ಈಗ ಮುಗೀತಲ್ಲ?" ಅಂತ ಕೇಳಿದ ಅವನು.

"ಈಗ ಶುರು. ಎಣ್ಣೆ ಹೋಗೋ ತೂತುಗಳಲ್ಲಿ ಒಂದು ಕಣ ಗಾಜು ಉಳಿದ್ರೂ ಎಂಜಿನ್ ತನ್ನನ್ನ ತಾನೇ ಅರೆದುಕೊಳ್ಳುತ್ತೆ. ತೊಳಿ. ಮತ್ತೆ ತೊಳಿ."

"ಎಷ್ಟು ಸಲ?"

"ನನಗೆ ನಿದ್ದೆ ಬರೋ ತನಕ."

"ನಿಮಗೆ ನಿದ್ದೆ ಬರುತ್ತಾ?"

ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ ಆ ವರ್ಕ್‌ಶಾಪಿನಲ್ಲಿ ಅವಳ ನಗು ಕೇಳಿತು.

ಓರೆಸ್ತೆಯದು ಒಂದು ಹಳೆಯ ಪದ್ಧತಿ. ತಂತಿಬುಟ್ಟಿಗಳಿಗೆ ಬಟ್ಟೆಯ ಪಟ್ಟಿ ಕಟ್ಟುವುದು. ಕಪ್ಪು ಪಟ್ಟಿ ಅಂದರೆ ಕಬ್ಬಿಣ, ಸೋಡಾ ತೊಟ್ಟಿಗೆ. ನೀಲಿ ಪಟ್ಟಿ ಅಂದರೆ ಅಲ್ಯೂಮಿನಿಯಂ, ಸಾಬೂನು ನೀರಿಗೆ. ಬುಟ್ಟಿಯನ್ನು ಸರಪಳಿ ರಾಟೆಗೆ ಸಿಕ್ಕಿಸಿ ಇಳಿಸಿದರಾಯಿತು. ಆ ಪದ್ಧತಿ ಹಾಕಿದವನೂ ಓರೆಸ್ತೆ, ಅದನ್ನು ಯಾರಾದರೂ ಮರೆತರೆ ಊರು ಕೇಳುವ ಹಾಗೆ ಕಿರುಚುವವನೂ ಓರೆಸ್ತೆ.

ಒಂದು ಶನಿವಾರ ನಿವೆಸ್ ಹೊಸ ಸ್ವೆಟರ್ ಹಾಕಿಕೊಂಡು ಬಂದಳು. ಯಾಕೆ ಹಾಕಿಕೊಂಡಳೋ, ಕೇಳಿದ್ದರೆ ಚಳಿ ಅನ್ನುತ್ತಿದ್ದಳು.

"ಕಪ್ಪು ಸ್ವೆಟರ್ ಚೆನ್ನಾಗಿದೆ ಮಗಳೇ," ಅಂದ ಓರೆಸ್ತೆ.

"ಕಪ್ಪಲ್ಲಪ್ಪ, ನೀಲಿ."

"ನಾನೂ ಅದನ್ನೇ ಹೇಳಿದ್ದು," ಎಂದು ಗೊಣಗಿ ಆ ಕಡೆ ಹೋದ.

ಲೆಯಾರ್ಕೊ ಬ್ರಷ್ಷಿಗೆ ಕೈ ಚಾಚಿದ. ಆದರೆ ಅವಳನ್ನು ನೋಡಿದ ರೀತಿಗೆ ಅವಳ ಕಿವಿ ಬಿಸಿಯಾಯಿತು. ಆ ಮಧ್ಯಾಹ್ನವೇ ಇಬ್ಬರೂ 'ನೀವು' ಬಿಟ್ಟು 'ನೀನು' ಅನ್ನತೊಡಗಿದರು.

ಸಂತೋಷ ಬಂದಾಗಲೂ ನಿವೆಸ್‌ಗೆ ಭಯವೇ. 'ಇದು ಉಳಿಯುತ್ತಾ? ಎಂಜಿನ್ ಮುಗಿದ ಮೇಲೂ ಇವನು ಬರ್ತಾನಾ? ಅಥವಾ...'

ಈಸ್ಟರ್ ಹತ್ತಿರವಾಗುತ್ತಿತ್ತು. ಎಲ್ಲ ಭಾಗಗಳೂ ಸಿದ್ಧವಾಗಿದ್ದವು. ಹೆಡ್ ಒಂದೇ ಬಾಕಿ.

* * *

ಆ ಶನಿವಾರ ಬೆಳಿಗ್ಗೆ ನಿವೆಸ್ ಹೆಡ್ಡನ್ನು ನೀಲಿ ಪಟ್ಟಿಯ ಬುಟ್ಟಿಯಲ್ಲಿ ತಾನೇ ಇಟ್ಟಳು. ಸಾಬೂನು ನೀರು ಕಾಯಲಿ ಎಂದು ಬಿಟ್ಟು, ಬೇಕರಿಗೆ ಹೋಗಿ ಬರುತ್ತೇನೆ ಅಂದಳು. ಲೆಯಾರ್ಕೊಗೆ ಸೊಪ್ಪು ತುಂಬಿದ ಎರ್ಬತ್ಸೊನೆ ಅಂದರೆ ಪ್ರಾಣ. ಬಿಸಿಬಿಸಿಯಾಗಿ ತರೋಣ ಎಂದು ಅವಳ ಆಸೆ.

ವಾಪಸ್ ಬರುವಾಗ ಗೇಟಿನಲ್ಲೇ ಮೂಗಿಗೆ ಘಾಟು ಹೊಡೆಯಿತು. ಓಡಿದಳು.

ಒಳಗೆ ನಲ್ಲಿ ಭೋರೆಂದು ಸುರಿಯುತ್ತಿತ್ತು. ನೆಲವೆಲ್ಲ ನೀರು. ಆ ನೀರಿನ ನಡುವೆ ಹೆಡ್ ಬಿದ್ದಿತ್ತು... ಕಾಡಿಗೆಯ ಹಾಗೆ ಕಪ್ಪಾಗಿ.

ಓರೆಸ್ತೆ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. ಅವನ ತುಟಿ ಬಿಳುಚಿತ್ತು. ಲೆಯಾರ್ಕೊ ಗೋಡೆಗೆ ಒರಗಿ ನಿಂತಿದ್ದ. ಮೈಮೇಲೆ ಜಾಕೆಟ್, ಎರಡೂ ಕೈ ಜೇಬಿನಲ್ಲಿ.

"ಯಾರು?" ಅಂದಳು ನಿವೆಸ್. "ಯಾರು ಹಾಕಿದ್ದು?"

ಓರೆಸ್ತೆ ಬಾಯಿ ತೆರೆದ. ಅಷ್ಟರಲ್ಲಿ ಲೆಯಾರ್ಕೊ ಹೇಳಿಬಿಟ್ಟ.

"ನಾನು. ಬುಟ್ಟಿ ಇಳಿಸಿದೆ. ಫೋನ್ ಬಂತು, ಹೊರಗೆ ಹೋದೆ. ಮಾತಾಡ್ತಾ ಮಾತಾಡ್ತಾ ಮರೆತುಹೋಯ್ತು."

"ನೀಲಿ ಪಟ್ಟಿ ಇತ್ತಲ್ಲ?"

"ನೋಡಲಿಲ್ಲ."

"ನೋಡಲಿಲ್ಲ..." ಅವಳ ಕಣ್ಣು ತುಂಬಿತು. "ನಿಮ್ಮಪ್ಪನ ಎಂಜಿನ್ ಕಣೋ ಇದು. ಮೊದಲನೇ ದಿನ ನಿನ್ನ ಕೈ ಹಿಡಿದು ಹೇಳಿದ್ದೆ. ಇಷ್ಟು ದಿನ ನೀನು ಕಲಿತಿದ್ದು ಇದೇನಾ?"

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಜೇಬಿಂದ ಕೈಯಾದ್ರೂ ತೆಗೆದು ಮಾತಾಡು!"

ಅವನು ಕೈ ತೆಗೆಯಲಿಲ್ಲ. ತಲೆ ಮಾತ್ರ ತಗ್ಗಿಸಿದ. ಅದು ಅವಳಿಗೆ ಅಹಂಕಾರವಾಗಿ ಕಂಡಿತು. ಸಿಟ್ಟು ನೆತ್ತಿಗೇರಿತು.

"ಹೋಗಿ," ಅಂದಳು. "ಇನ್ನು ಮೇಲೆ ನೀವು ಇಲ್ಲಿಗೆ ಬರೋದು ಬೇಡ."

ಆ 'ನೀವು' ಅವನಿಗೆ ನಾಟಿತು. ಒಂದು ಕ್ಷಣ ಮುಖ ಕಿವುಚಿದ. ಆಮೇಲೆ ಹೊರಟ. ಗೇಟು ತೆರೆಯುವುದಕ್ಕೂ ಅವನು ಕೈ ಹೊರಗೆ ತೆಗೆಯಲಿಲ್ಲ, ಭುಜದಿಂದ ತಳ್ಳಿಕೊಂಡು ಹೋದ.

ಎರ್ಬತ್ಸೊನೆ ಮೇಜಿನ ಮೇಲೆ ಆರಿ ತಣ್ಣಗಾಯಿತು. ಯಾರೂ ಮುಟ್ಟಲಿಲ್ಲ.

* * *

ಮೂರು ದಿನ ನಿವೆಸ್ ಹೆಡ್ಡಿನ ಕಡೆ ತಿರುಗಿ ನೋಡಲಿಲ್ಲ. ಅಪ್ಪ ಊಟಕ್ಕೆ ಕೂತರೆ ತಟ್ಟೆಯಲ್ಲೇ ಬೆರಳಾಡಿಸಿ ಎದ್ದುಹೋಗುತ್ತಿದ್ದ.

ನಾಲ್ಕನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನು ಅವನು, ಹೆಡ್ ಏನು ಮಾಡಿತ್ತು ಪಾಪ? ಎಷ್ಟು ತಿಂದುಹೋಗಿದೆ ನೋಡೇಬಿಡೋಣ ಎಂದು ಕೂತಳು. ಕೈಗವಸು ಹಾಕಿಕೊಂಡು ಆಮ್ಲದಿಂದ ಕಪ್ಪನ್ನು ಒರೆಸುತ್ತಾ ಬಂದಳು.

ಕಪ್ಪಿನ ಕೆಳಗೆ ಅಲ್ಯೂಮಿನಿಯಂ ಬೆಳ್ಳಗೆ ಕಂಡಿತು.

ಅವಳ ಕೈ ನಿಂತಿತು. ಮತ್ತೊಂದು ಕಡೆ ಒರೆಸಿದಳು. ಅಲ್ಲೂ ಹಾಗೇ. ಮೇಲ್ಮೈ ಸ್ವಲ್ಪ ಒರಟಾಗಿತ್ತು, ಅಷ್ಟೇ. ಅಂಚುಗಳು ಅಂಚುಗಳಾಗಿಯೇ ಇದ್ದವು. ತೂತುಗಳು ಹಿಗ್ಗಿರಲಿಲ್ಲ.

'ಫೋನಲ್ಲಿ ಮಾತಾಡ್ತಾ ಮರೆತುಬಿಟ್ಟೆ ಅಂದ... ಹಾಗೆ ಮರೆತಿದ್ರೆ ಇದು ಜರಡಿ ಆಗಿರಬೇಕಿತ್ತು.'

ಮನುಷ್ಯ ಸುಳ್ಳು ಹೇಳಬಹುದು, ಅಲ್ಯೂಮಿನಿಯಂ ಹೇಳುವುದಿಲ್ಲ. ಈ ಹೆಡ್ ಸೋಡಾದಲ್ಲಿ ಇದ್ದದ್ದು ಕೆಲವೇ ಕ್ಷಣ. ಹಾಕಿದ ತಕ್ಷಣ ಯಾರೋ ಎಳೆದಿದ್ದಾರೆ. ಸರಪಳಿ ರಾಟೆ ಅಷ್ಟು ಬೇಗ ಮೇಲೆ ಬರುವುದಿಲ್ಲ. ಹಾಗಾದರೆ ಕೈಯಿಂದಲೇ...

ಜೇಬಿನಲ್ಲಿದ್ದ ಕೈ ನೆನಪಾಯಿತು. ಭುಜದಿಂದ ತಳ್ಳಿದ ಗೇಟು ನೆನಪಾಯಿತು. ಅವಳು ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು.

"ಇನ್ನೂ ಕೂತಿದ್ಯಾ?" ಬಾಗಿಲಲ್ಲಿ ಓರೆಸ್ತೆ ನಿಂತಿದ್ದ. "ಚಳಿ ಇದೆ. ಆ ಕಪ್ಪು ಸ್ವೆಟರ್ ಒಂದೇ ಸಾಕಾಗಲ್ಲ."

ನಿವೆಸ್ ತನ್ನ ತೋಳು ನೋಡಿಕೊಂಡಳು. ನೀಲಿ. ಕತ್ತಲಾಗುವ ಮುಂಚಿನ ಆಕಾಶದಷ್ಟು ನೀಲಿ.

ಅವಳು ಎದ್ದು ಬುಟ್ಟಿಗಳಿಂದ ಎರಡು ಪಟ್ಟಿ ಬಿಚ್ಚಿಕೊಂಡು ಬಂದು ಅಪ್ಪನ ಮುಂದೆ ಹಿಡಿದಳು.

"ಅಪ್ಪ, ಇದರಲ್ಲಿ ನೀಲಿ ಯಾವುದು?"

"ಏನು ಮಕ್ಕಳಾಟ ಇದು?"

"ಹೇಳಪ್ಪ."

ಓರೆಸ್ತೆ ಪಟ್ಟಿಗಳನ್ನು ನೋಡಿದ. ಬೆಳಕಿನ ಕಡೆ ತಿರುಗಿ ನೋಡಿದ. ಒಂದಕ್ಕೆ ಬೆರಳು ಚಾಚಿದ, ಹಿಂದಕ್ಕೆ ತೆಗೆದ. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟ.

"ಎರಡೂ ಒಂದೇ ಥರ ಕಾಣುತ್ತೆ ಕೂಸೇ," ಅಂದ. "ಹೋದ ವರ್ಷದಿಂದ ಹಾಗೇ. ಎಲ್ಲಾ ಕಂದು ಗಾಜಿನಲ್ಲಿ ನೋಡಿದ ಹಾಗೆ. ಪೊರೆ ಬಂದಿದೆ ಅನ್ಸುತ್ತೆ."

"ನನಗೆ ಯಾಕೆ ಹೇಳಲಿಲ್ಲ?"

"ಕಣ್ಣು ಕಾಣದವನ ಕೈಗೆ ಯಾರು ಎಂಜಿನ್ ಕೊಡ್ತಾರೆ? ನೀನೇ ಮೊದಲು ಕಿತ್ಕೊಳ್ತಿದ್ದೆ. ನೀನು ಹೆದರುಪುಕ್ಕಲಿ ಬೇರೆ..." ಅವನು ಕಣ್ಣು ಉಜ್ಜಿಕೊಂಡ. "ಬುಟ್ಟೀನ ಸೋಡಾಕ್ಕೆ ಇಳಿಸಿದ್ದು ನಾನು. ಲೆಯಾರ್ಕೊ ಒಳಗೆ ಹೆಜ್ಜೆ ಇಡ್ತಾ ನೋಡಿದ. 'ಯಜಮಾನ್ರೇ' ಅಂತ ಕೂಗಿ ಒಂದೇ ನೆಗೆತಕ್ಕೆ ಬಂದು, ತೋಳು ಹಾಕಿ ಬುಟ್ಟಿ ಎತ್ತಿಬಿಟ್ಟ. ಸುಡೋ ಸೋಡಾ ಅದು! ನೀನು ಬರೋ ತನಕ ನಲ್ಲಿ ಕೆಳಗೆ ಕೈಯಿಟ್ಕೊಂಡು, ನೋವಲ್ಲಿ ಹಲ್ಲು ಕಚ್ಚಿಕೊಂಡು, 'ಏನೂ ಹೇಳಬೇಡಿ, ನಾನೇ ಮಾಡಿದೆ ಅಂತೀನಿ' ಅಂದ. ನಾನು ಹೇಡಿ. ಸುಮ್ಮನಿದ್ದೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನಿವೆಸ್ ಆ ಮಾತು ಎಷ್ಟು ಸಲ ಬೇರೆಯವರಿಗೆ ಹೇಳಿದ್ದಳೋ. ಅಪ್ಪನನ್ನು ತಬ್ಬಿಕೊಂಡು ಅತ್ತಳು. ಬೈಯಲೂ ಬೈದಳು. ಆಮೇಲೆ ಹೆಡ್ಡನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಸೀಟಿನ ಮೇಲಿಟ್ಟು, ಅದಕ್ಕೂ ಸೀಟ್‌ಬೆಲ್ಟ್ ಹಾಕಿ ಹೊರಟಳು.

* * *

ಗೋದಾಮಿನಲ್ಲಿ ಹಳದಿ ಚೀಸ್‌ಗಳ ಗೋಡೆಗಳು ಸೂರಿನ ತನಕ ಏರಿದ್ದವು. ಒಂದು ಸಾಲಿನ ಕೊನೆಯಲ್ಲಿ ಟಕ್ ಟಕ್ ಎನ್ನುವ ಸದ್ದು. ಲೆಯಾರ್ಕೊ ಎಡಗೈಯಲ್ಲಿ ಸುತ್ತಿಗೆ ಹಿಡಿದು ತಟ್ಟುತ್ತಿದ್ದ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಿಳಿ ಬ್ಯಾಂಡೇಜು.

ಅದನ್ನು ನೋಡಿ ಅವಳು ಅಲ್ಲೇ ನಿಂತುಬಿಟ್ಟಳು.

ಅವನು ತಿರುಗಿದ. ಗಾಬರಿಯಿಂದ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

"ಸಾಕು, ಬಚ್ಚಿಡಬೇಡ," ಅಂದಳು ನಿವೆಸ್. "ಅಪ್ಪ ಎಲ್ಲಾ ಹೇಳಿದ್ರು. ಅವರಿಗೂ ಮೊದಲು ಹೆಡ್ಡೇ ಹೇಳಿತು."

"ಅವರನ್ನ ಬೈದ್ಯಾ?"

"ಬೈದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಪೊರೆ ತೆಗೆದ್ರೆ ಸರಿಹೋಗುತ್ತಂತೆ. ಈಗ ನಿನ್ನ ಸರದಿ. ಯಾಕೆ ಸುಳ್ಳು ಹೇಳಿದೆ? ನನ್ನ ಕಣ್ಣಲ್ಲಿ ಕೆಟ್ಟವನಾದ್ರೂ ಪರವಾಗಿಲ್ಲ ಅನ್ನಿಸ್ತಾ?"

ಅವನು ಸುತ್ತಿಗೆಯನ್ನು ಹಲಗೆಯ ಮೇಲಿಟ್ಟ.

"ನಮ್ಮಪ್ಪನಿಗೆ ಕೊನೆಗೊನೆಗೆ ಕೈ ನಡುಗ್ತಿತ್ತು," ಅಂದ. "ಒಂದಿನ ನೆಂಟರೆಲ್ಲಾ ಇದ್ದಾಗ, 'ಬಿಡಪ್ಪ, ನಿನ್ನ ಕೈಲಾಗಲ್ಲ' ಅಂತ ಅವರ ಕೈಯಿಂದ ಸ್ಪ್ಯಾನರ್ ಕಿತ್ಕೊಂಡೆ. ತಮಾಷೆಗೆ. ಅವತ್ತೇ ಎಂಜಿನ್ನನ್ನ ಡಬ್ಬಿಗೆ ತುಂಬಿದ್ರು. ಮತ್ತೆ ತೆಗೀಲೇ ಇಲ್ಲ... ಆ ದಿನ ನಿಮ್ಮಪ್ಪನ ಮುಖ ನೋಡಿದೆ ನಿವೆಸ್. ಅದೇ ಮುಖ. ನನ್ನ ಕೈಲಿ ಇನ್ನೊಂದು ಸಲ ಆಗಲಿಲ್ಲ."

"ಮತ್ತೆ ನಾನು?"

"ನಿನ್ನ ಸಿಟ್ಟು ತಡ್ಕೋತೀನಿ ಅಂದ್ಕೊಂಡಿದ್ದೆ. ನೀನು 'ನೀವು' ಅಂದ್ಯಲ್ಲ..." ಅವನು ತಲೆಯಾಡಿಸಿದ. "ಸೋಡಾನೇ ಎಷ್ಟೋ ವಾಸಿ."

ಅವಳಿಗೆ ಅಳು ನಗು ಒಟ್ಟಿಗೇ ಬಂತು. ಮುಂದೆ ಬಂದು ಆ ಬ್ಯಾಂಡೇಜಿನ ಕೈಯನ್ನು ಹಗುರಾಗಿ, ಒಡೆಯುವ ವಸ್ತುವನ್ನು ಹಿಡಿಯುವ ಹಾಗೆ, ಹಿಡಿದುಕೊಂಡಳು.

"ತಪ್ಪಾಯ್ತು ಕಣೋ."

"ಬಿಡು. ಹೆಡ್ ಉಳಿಯುತ್ತಾ?"

ಅವಳ ಮುಖ ಬಾಡಿತು. "ಅದಕ್ಕೇ ಬಂದೆ. ಮೇಲ್ಮೈ ಸರಿಮಾಡಬಹುದು. ಆದ್ರೆ ಹೆಡ್ ನೆಲಕ್ಕೆ ಬಿದ್ದಿದೆ, ಬಿಸಿ ಇರೋವಾಗ್ಲೇ ತಣ್ಣೀರು ಬೇರೆ. ಒಳಗೆ ಬಿರುಕು ಬಿಟ್ಟಿದ್ರೆ... ನನ್ನ ಕಿವಿ ಮೇಲೆ ನನಗೆ ನಂಬಿಕೆ ಇಲ್ಲ. ನಿನ್ನ ಕಿವಿ ಬೇಕು."

ಹೆಡ್ಡನ್ನು ಹಗ್ಗದಿಂದ ತೊಲೆಗೆ ಕಟ್ಟಿ ತೂಗುಬಿಟ್ಟರು. ಬಿರುಕಿದ್ದರೆ ಸದ್ದು ಸತ್ತಿರುತ್ತದೆ, ಇಲ್ಲದಿದ್ದರೆ ಗಂಟೆಯ ಹಾಗೆ ಮೊಳಗುತ್ತದೆ. ಲೆಯಾರ್ಕೊ ಎಡಗೈಯಲ್ಲಿ ಸುತ್ತಿಗೆ ಎತ್ತಿದ. ನಿವೆಸ್ ಕಣ್ಣು ಮುಚ್ಚಿಕೊಂಡಳು.

ಟಿಂಗ್...

ಸದ್ದು ಸಾಲುಗಳ ನಡುವೆ ತುಂಬ ಹೊತ್ತು ಓಡಾಡಿತು. ಅವನು ಮತ್ತೊಂದು ಕಡೆ ತಟ್ಟಿದ. ಮೂಲೆಮೂಲೆಗೂ ಕಿವಿಯಿಟ್ಟು ಕೇಳಿದ.

"ಏನಾದ್ರೂ ಹೇಳೋ ಮಾರಾಯ, ಪ್ರಾಣ ಹೋಗ್ತಿದೆ."

"ಒಡೆದಿಲ್ಲ," ಅಂದ ಲೆಯಾರ್ಕೊ. ಅವನ ಕಣ್ಣಲ್ಲಿ ನೀರಿತ್ತು. "ಗಟ್ಟಿಯಾಗಿದೆ ನಿವೆಸ್. ಏನೂ ಆಗಿಲ್ಲ."

* * *

ಈಸ್ಟರ್ ಮಾರನೆಯ ಸೋಮವಾರ. ಲೆಯಾರ್ಕೊನ ಮನೆಯಂಗಳದಲ್ಲಿ ಕೆಂಪು ಸ್ಪೈಡರ್ ನಿಂತಿತ್ತು. ಸುತ್ತ ಮನೆಮಂದಿ, ಮುಂದೆ ಕೈಕಟ್ಟಿಕೊಂಡು ಅವನ ತಾಯಿ ಯೊಲೆ.

"ಮಧ್ಯಾಹ್ನ ವ್ಯಾಪಾರಿ ಬರ್ತಾನೆ," ಅಂದಳು ಆಕೆ. "ಆಮೇಲೆ ನನ್ನನ್ನ ದೂರಬೇಡಿ."

ಎಂಜಿನ್ ಜೋಡಿಸಿದ್ದು ಓರೆಸ್ತೆ. ಕಣ್ಣಿಗಿಂತ ಹೆಚ್ಚು ನನ್ನ ಬೆರಳಿಗೆ ಕಾಣುತ್ತೆ ಎಂದು ಹಟ ಹಿಡಿದಿದ್ದ. ನಿವೆಸ್ ಪಕ್ಕದಲ್ಲಿ ನಿಂತು ಬಣ್ಣ ಹೇಳಿದ್ದಳು. ಸ್ಪ್ಯಾನರ್ ಮಾತ್ರ ಅವನ ಕೈಯಿಂದ ಯಾರೂ ತೆಗೆದುಕೊಳ್ಳಲಿಲ್ಲ.

ಲೆಯಾರ್ಕೊ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ನಿಂತಿತು.

ಮತ್ತೆ ತಿರುಗಿಸಿದ. ಮತ್ತೆ ಕೆಮ್ಮಿತು... ಸುಮ್ಮನಾಯಿತು. ಯೊಲೆ ಮುಖ ತಿರುಗಿಸಿದಳು.

ಪಕ್ಕದ ಸೀಟಿನಲ್ಲಿದ್ದ ನಿವೆಸ್ ಮುಂದಕ್ಕೆ ಬಾಗಿ ಕಿವಿಗೊಟ್ಟಳು. 'ತೊಳೆದದ್ದು ಸಾಕಾಗಲಿಲ್ವಾ? ಎಲ್ಲಾದ್ರೂ ಒಂದು ಕಣ...' ಅವಳ ಕೈ ತಾನಾಗಿಯೇ ಅವನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು.

"ಇನ್ನೊಂದು ಸಲ," ಅಂದ ಓರೆಸ್ತೆ. "ಇಷ್ಟು ವರ್ಷ ಮಲಗಿದ್ದವರು ಕರೆದ ತಕ್ಷಣ ಏಳ್ತಾರೇನಪ್ಪ?"

ಮೂರನೆಯ ಸಲ ಎಂಜಿನ್ ನಡುಗಿತು, ಗುರ್ರೆಂದಿತು, ಮತ್ತೆ ನಿಲ್ಲಲೇ ಇಲ್ಲ. ಅದರ ಸದ್ದು ಅಂಗಳ ತುಂಬಿತು. ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಯೊಲೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಹೀಗೇ ಸದ್ದು ಮಾಡಿಕೊಂಡು ನನ್ನನ್ನ ನೋಡೋಕೆ ಬರ್ತಿದ್ದ," ಅಂದಳು. "ಯಾರಾದ್ರೂ ಆ ವ್ಯಾಪಾರಿಗೆ ಫೋನ್ ಮಾಡಿ. ಬರಬೇಡ ಅನ್ನಿ."

ಎಲ್ಲರೂ ಕೂಗಾಡಿ ಬಾನೆಟ್ ಸುತ್ತ ಮುತ್ತಿದರು. ಲೆಯಾರ್ಕೊ ನಿವೆಸ್ ಕಡೆ ಬಾಗಿದ.

"ಗೇರ್ ಹಾಕಬೇಕು. ಕೈ ಬಿಡ್ತೀಯಾ?"

"ಬಿಡಲ್ಲ," ಅಂದಳು ಅವಳು. "ಆಗ ಬಿಟ್ಟು ಅನುಭವಿಸಿದ್ದು ಸಾಕು."

"ಮತ್ತೆ ಕಾರು ಹೇಗೆ ಹೋಗುತ್ತೆ?"

"ಇಬ್ಬರೂ ಸೇರಿ ಹಾಕೋಣ."

ಅವನ ಗಾಯದ ಕೈಯ ಮೇಲೆ ಅವಳ ಕೈ. ಗೇರ್ ಸದ್ದಿಲ್ಲದೆ ಬಿತ್ತು.

"ನಿವೆಸ್," ಅಂದ ಅವನು, "ಎಂಜಿನ್ ಕೆಲಸ ಮುಗೀತು. ಮುಂದಿನ ಶನಿವಾರ ಯಾವ ನೆಪ ಹೇಳಿಕೊಂಡು ಬರಲಿ?"

ಅವಳು ಒಂದು ಕ್ಷಣವೂ ಹೆದರಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ನೆಪ ಬೇಡ," ಅಂದಳು. "ಮನೆಗೆ ಬರೋಕೆ ಯಾರಾದ್ರೂ ನೆಪ ಹೇಳ್ತಾರಾ?"